ಇಬ್ಬರು ಗುರುಗಳಿಂದ ಬರೆಸಿಕೊಂಡ ಮುಚ್ಚಳಿಕೆ

ನಿವೃತ್ತಿಗೆ ಒಂದೇ ವರ್ಷ ಉಳಿದಿದ್ದಾಗ ನಾನು ಮಡಿವಾಳದ ಕಡೆಯ ಒಂದು ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದೆ. ಆ ಸಲವೂ ಗಣೇಶನ ಮೆರವಣಿಗೆ ಮಸೀದಿ ರಸ್ತೆಗೆ ಬರುವ ಹೊತ್ತೂ ಸಂಜೆಯ ನಮಾಜಿನ ಹೊತ್ತೂ ಒಂದೇ ಆಗಿತ್ತು. ಇಂಥದ್ದನ್ನು ಅಲ್ಲಿನ ಮಠದ ಸ್ವಾಮಿಗಳೂ ಮಸೀದಿಯ ಮೌಲ್ವಿಗಳೂ ಪ್ರತಿ ವರ್ಷ ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಬಗೆಹರಿಸುತ್ತಿದ್ದರು. ಮಸೀದಿ ಮುಂದೆ ತಮಟೆ ನಿಲ್ಲುತ್ತಿತ್ತು, ಮೆರವಣಿಗೆಯವರಿಗೆ ಶರಬತ್ತು ಸಿಗುತ್ತಿತ್ತು. ಅಷ್ಟೇ.

ನನಗೆ ಅಷ್ಟು ಸಾಲಲಿಲ್ಲ. ಧರ್ಮಗುರುಗಳನ್ನು ಶಾಂತಿ ಸಭೆಗೆ ಕರೆದು ಜವಾಬ್ದಾರಿ ವಹಿಸಿ ಎಂದು ಮೇಲಿನಿಂದ ಸುತ್ತೋಲೆ ಬಂದಿತ್ತು. ನಾನು ಒಂದು ಹೆಜ್ಜೆ ಮುಂದೆ ಹೋಗಿ, ಗಲಾಟೆಯಾದರೆ ತಾವೇ ಹೊಣೆ ಎಂದು ಇಬ್ಬರಿಂದಲೂ ಮುಚ್ಚಳಿಕೆ ಬರೆಸಿಕೊಂಡೆ. ಅದು ನಾವು ರೌಡಿಗಳಿಂದ ಬರೆಸಿಕೊಳ್ಳುವ ಕಾಗದ. ಇಬ್ಬರೂ ಸಹಿ ಹಾಕಿದರು. ಫೈಲು ಭದ್ರವಾಯಿತೆಂದು ಬೀಗಿದೆ. ಎಂಥ ಪೆದ್ದುತನ! ಸುದ್ದಿ ಬೀದಿಯೆಲ್ಲ ಹರಡಿತು.

ಮೆರವಣಿಗೆಯ ಹಿಂದಿನ ದಿನ ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಠಾಣೆಗೆ ಬಂದರು.

"ಸಾರ್, ನಮ್ಮ ಹುಡುಗ್ರು ನನ್ ಮಾತು ಕೇಳ್ತಿಲ್ಲ. 'ನೀವು ಪೊಲೀಸ್ ಕಡೆಯವರಾಗ್ಬಿಟ್ರಿ, ನಾವೇ ರಸ್ತೆಗೆ ಅಡ್ಡ ನಿಲ್ತೀವಿ' ಅಂತಾರೆ," ಎಂದರು ಮೌಲ್ವಿಗಳು.

"ನಮ್ಮವ್ರೂ ಅಷ್ಟೇ. ತಮಟೆ ನಿಲ್ಸಲ್ಲ ಅಂತ ಹಟ ಹಿಡಿದವ್ರೆ," ಎಂದರು ಸ್ವಾಮಿಗಳು. "ಇಷ್ಟು ವರ್ಷದ ಮರ್ಯಾದೆ ಒಂದು ಕಾಗದದಿಂದ ಹೋಯ್ತಲ್ಲ, ಇನ್ಸ್‌ಪೆಕ್ಟ್ರೇ."

ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಸಂಜೆ ಅದೇ ಟೀ ಅಂಗಡಿಗೆ ಎರಡೂ ಕಡೆಯ ಹುಡುಗರನ್ನು ಕರೆಸಿದೆ. ಅವರೆದುರಿಗೇ ಮುಚ್ಚಳಿಕೆಗಳನ್ನು ಗುರುಗಳ ಕೈಗೆ ವಾಪಸ್ ಕೊಟ್ಟೆ.

"ಬುದ್ಧಿ, ಸಾಹೇಬ್ರೇ, ತಪ್ಪು ನಂದು. ನಿಮ್ಮಿಂದ ಇದನ್ನ ಬರೆಸ್ಬಾರ್ದಿತ್ತು," ಎಂದೆ ಇಬ್ಬರಿಗೂ.

"ಪೊಲೀಸ್ನೋರೇ ಸಾರಿ ಕೇಳ್ತವ್ರಲ್ಲ ಗುರು!" ಎಂದು ಹಿಂದಿನಿಂದ ಯಾರೋ ಕೂಗಿದರು. ಎಲ್ಲರಿಗೂ ನಗು ಬಂತು, ನನಗೂ. ಅಲ್ಲಿಂದ ಎದ್ದು ಹೊರಟೆ. ಆಮೇಲೆ ಆ ಬೆಂಚಿನಲ್ಲಿ ಏನು ಮಾತಾಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮರುದಿನ ವ್ಯಾನನ್ನು ಪಕ್ಕದ ರಸ್ತೆಯಲ್ಲಿ ನಿಲ್ಲಿಸಿ ಕೂತೆ. ತಮಟೆ ಸದ್ದು ಹತ್ತಿರ ಬಂತು, ಇನ್ನೂ ಹತ್ತಿರ ಬಂತು, ಮಸೀದಿಯ ಬಳಿ ನಿಂತಿತು. ನಮಾಜು ಮುಗಿಯುವವರೆಗೂ ಒಂದು ಏಟೂ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಮೌಲ್ವಿಗಳೇ ಶರಬತ್ತಿನ ಲೋಟ ಹಿಡಿದು ವ್ಯಾನಿನ ಬಳಿ ಬಂದರು.

"ಮುಂದಿನ ವರ್ಷ ಬೆಂಚಿಗೆ ನೀವೂ ಬನ್ನಿ ಸಾರ್. ಯೂನಿಫಾರ್ಮ್ ಮಾತ್ರ ಬೇಡ."

ಸರ್ಕಾರ ಇಂಥವರಿಗೆ ರಕ್ಷಣೆ ಕೊಡಬೇಕು, ದಾರಿ ಬಿಡಬೇಕು. ಅವರ ಮಾತಿನ ಮೇಲೆ ತನ್ನ ಸೀಲು ಒತ್ತಬಾರದು. ಕೆಲಸ ನನಗೆ ಇದನ್ನು ಕಲಿಸಿದ್ದು ಕೊನೆಯ ವರ್ಷದಲ್ಲಿ. ಈಗ ಪ್ರತಿ ವರ್ಷ ಆ ಬೆಂಚಿನ ತುದಿಯಲ್ಲಿ ಸಾದಾ ಅಂಗಿ ಪ್ಯಾಂಟಿನಲ್ಲಿ ಕೂತು ಟೀ ಕುಡಿಯುತ್ತೇನೆ. ಅವರಿಬ್ಬರೂ ಮಾತಾಡುತ್ತಾರೆ. ನಾನು ಬಾಯಿ ಬಿಡುವುದಿಲ್ಲ.