ಇವತ್ತು ಕುಡ್ದಿಲ್ಲ

ಈ ಸಲದ ಪಕ್ಷಕ್ಕೆ ನಾನು ಗುಬ್ಬಿಯ ತವರುಮನೆ ತಲುಪುವಷ್ಟರಲ್ಲಿ ಸೋದರಮಾವ ನನ್ನ ತಮ್ಮನ ಫೋಟೋದ ಮುಂದೆ ಒಂದು ಕ್ವಾರ್ಟರ್ ಬ್ರಾಂದಿ ಇಟ್ಟಾಗಿತ್ತು. ಪಕ್ಕದಲ್ಲಿ ಖಾರದ ಕಡ್ಲೆಬೀಜವನ್ನೂ ಇಟ್ಟಿದ್ದ. ಇಂಥ ವಿಷಯಗಳಲ್ಲಿ ನಮ್ಮ ಮಾವ ಬಹಳ ಅಚ್ಚುಕಟ್ಟಿನ ಮನುಷ್ಯ.

ನಮ್ಮಲ್ಲಿ ಪಕ್ಷದ ಹಬ್ಬದಂದು ಸತ್ತವರಿಗೆ ಎಡೆ ಇಡುವಾಗ ಅವರು ಬದುಕಿದ್ದಾಗ ಇಷ್ಟಪಟ್ಟಿದ್ದನ್ನೇ ಇಡಬೇಕು. ಅಜ್ಜಿಗೆ ಎಲೆ, ಅಡಿಕೆ, ಹೊಗೆಸೊಪ್ಪು. ದೊಡ್ಡಪ್ಪನಿಗೆ ಬೀಡಿ ಕಟ್ಟು, ಜೊತೆಗೆ ಮರೆಯದೆ ಬೆಂಕಿಪೊಟ್ಟಣ. ತಮ್ಮ ಹೋದ ಮೇಲೆ ಬಂದ ಮೊದಲ ಪಕ್ಷ ಇದು. ಅವನಿಗೆ ಏನಿಡಬೇಕು ಎನ್ನುವುದೇ ತಕರಾರಾಯಿತು. ಯಾಕೆಂದರೆ ಅವನು ಸಾಯುವ ಹೊತ್ತಿಗೆ ಕುಡಿಯುತ್ತಿರಲಿಲ್ಲ. ಇದನ್ನು ನಂಬಿದ್ದವಳು ನಾನೊಬ್ಬಳೇ.

ತಮ್ಮ ಲಗ್ಗೇಜ್ ಆಟೋ ಇಟ್ಟುಕೊಂಡು ಸಿ.ಎಸ್. ಪುರದ ಕಡೆಯಿಂದ ತೆಂಗಿನಕಾಯಿ ತುಂಬಿ ತರುತ್ತಿದ್ದ. ಕಾಯಿ ಇಳಿಸಿದ ಕೂಡಲೇ ಆಟೋ ತಾನಾಗಿಯೇ ವೈನ್ ಶಾಪಿನ ಮುಂದೆ ಹೋಗಿ ನಿಲ್ಲುತ್ತದೆ ಎಂದು ಅವನೇ ಹೇಳುತ್ತಿದ್ದ. ಮದುವೆಯಾಗಲಿಲ್ಲ. ಹೆಣ್ಣಿನ ಕಡೆಯವರು ಹುಡುಗನ ಬಗ್ಗೆ ವಿಚಾರಿಸಲು ಬಂದರೆ, ಊರಿನ ಪುಣ್ಯಾತ್ಮರು ಅವರನ್ನು ನೇರವಾಗಿ ಆ ಅಂಗಡಿಗೇ ಕಳಿಸುತ್ತಿದ್ದರು. ಅಲ್ಲಿ ಹುಡುಗನೇ ಸಿಗುತ್ತಿದ್ದ.

ನಮ್ಮ ಸೀಮೆಯಲ್ಲಿ ‘ಬುಡು’ ಎಂಬ ಒಂದೇ ಮಾತು ಹತ್ತು ಕೆಲಸ ಮಾಡುತ್ತದೆ. ಕುಡಿತ ಬಿಡು ಎನ್ನುವುದಕ್ಕೂ ಅದೇ, ಆ ಮಾತನ್ನು ಅಲ್ಲಿಗೇ ಬಿಡು ಎನ್ನುವುದಕ್ಕೂ ಅದೇ. ನಾನು ತುಮಕೂರಿನ ಬಟವಾಡಿಯಲ್ಲಿ ಬ್ಲೌಸ್ ಹೊಲಿಯುತ್ತಾ ಫೋನ್ ಮಾಡಿ ಬೈದರೆ ಅವನ ಉತ್ತರ ಸಿದ್ಧವಾಗಿರುತ್ತಿತ್ತು: “ಬುಡ್ತೀನಿ ಬುಡಕ್ಕ.” ಮೊದಲನೆಯದನ್ನು ಅವನು ಮಾಡಲಿಲ್ಲ. ಎರಡನೆಯದನ್ನು ನಾವು ಪ್ರತಿ ಸಲವೂ ಮಾಡಿದೆವು.

ಬಿಡಿಸಲು ನಾವು ಮಾಡಿದ ಪ್ರಯತ್ನಗಳು ಒಂದೆರಡಲ್ಲ. ಯಾರೋ ಕೊಟ್ಟ ಪುಡಿಯನ್ನು ಅವನಿಗೆ ಗೊತ್ತಾಗದಂತೆ ಸಾರಿಗೆ ಬೆರೆಸಬೇಕಿತ್ತು. ಅಮ್ಮ ಬೆರೆಸಿದಳು. ಅವತ್ತೇ ಮಾವ ಬಂದು ಆ ಸಾರಿನಲ್ಲಿ ಎರಡು ಮುದ್ದೆ ಉಂಡ. ಮಧ್ಯಾಹ್ನವೆಲ್ಲ ಚೊಂಬು ಹಿಡಿದು ಓಡಾಡಿ, ಸಂಜೆ ಹೊಟ್ಟೆ ಸರಿಮಾಡಿಕೊಳ್ಳುತ್ತೇನೆಂದು ನೆಟ್ಟಗೆ ವೈನ್ ಶಾಪಿಗೆ ನಡೆದ. ಇನ್ನೊಂದು ವರ್ಷ ತಮ್ಮನಿಗೆ ಮಾಲೆ ಹಾಕಿಸಿದೆವು. ಮಾಲೆ ಇರುವಷ್ಟು ದಿನ ತಣ್ಣೀರು ಸ್ನಾನ, ಭಜನೆ, ಎಲ್ಲರಿಗೂ ಸ್ವಾಮಿ. ಬೆಟ್ಟದಿಂದ ಬಂದವನೇ ಮಾಲೆ ತೆಗೆದು ಮೊಳೆಗೆ ನೇತುಹಾಕಿ ಚಪ್ಪಲಿ ಮೆಟ್ಟಿದ.

“ಎಲ್ಲಿಗ್ಲಾ?” ಎಂದಳು ಅಮ್ಮ.

“ಸ್ವಾಮಿ ಮೊಳೆ ಮೇಲವ್ರೆ ಕಣಮ್ಮ. ಹೋಗ್ತಿರೋದು ನಾನು.”

ಕೊನೆಗೆ ನಮಗೆ ಹೊಳೆದ ಉಪಾಯ, ಕೋಣೆಯಲ್ಲಿ ಕೂಡಿಹಾಕಿ ಚಿಲಕ ಹಾಕುವುದು. ಎರಡನೆಯ ದಿನ ಅವನ ಕೈ ನಡುಗಿ ಟೀ ಲೋಟ ಹಿಡಿಯಲಾಗಲಿಲ್ಲ. ಗೋಡೆ ಮೇಲೆ ಇಲ್ಲದ ಇಲಿಗಳನ್ನು ಓಡಿಸತೊಡಗಿದ. ಆಮೇಲೆ ಫಿಟ್ಸ್ ಬಂದು ಬಿದ್ದ. ಅವನದೇ ಆಟೋದಲ್ಲಿ ಕಾಯಿ ಮೂಟೆಯ ಹಾಗೆ ಹಾಕಿಕೊಂಡು ತುಮಕೂರಿನ ಆಸ್ಪತ್ರೆಗೆ ತಂದರು.

ಅಲ್ಲಿನ ಡಾಕ್ಟರು ಮೊದಲು ಬೈದದ್ದು ನಮಗೆ. “ದಿನಾ ಕುಡಿಯೋರಿಗೆ ಒಂದೇ ಸಲ ನಿಲ್ಲಿಸಿದ್ರೆ ಜೀವಕ್ಕೇ ಅಪಾಯ ಅಂತ ಗೊತ್ತಿಲ್ವೇನಮ್ಮ? ಇಲ್ಲಿಟ್ಕೊಂಡು ಔಷಧಿ ಕೊಟ್ಟು ನಿಲ್ಲಿಸ್ಬೇಕು. ಆಮೇಲೆ ಕುಡಿತ ಬಿಡಿಸೋ ಸೆಂಟರ್‌ಗೆ ಸೇರಿಸಿ, ಕೆಲವು ತಿಂಗಳು ಅಲ್ಲೇ ಇರ್ಲಿ. ಇದು ಕಾಯಿಲೆ, ಕೊಬ್ಬಲ್ಲ.”

“ಕೊಬ್ಬಲ್ವಾ ಸಾರ್?” ಎಂದಳು ಅಮ್ಮ. ಅವಳ ದನಿಯಲ್ಲಿ ಸ್ವಲ್ಪ ನಿರಾಸೆ ಇತ್ತು. ಇಷ್ಟು ವರ್ಷ ಕೊಬ್ಬು ಎಂದುಕೊಂಡೇ ಬೈದಿದ್ದಳು.

ಹಾಸಿಗೆಯಿಂದಲೇ ತಮ್ಮ ಹೇಳಿದ: “ಕೇಳಿಸ್ಕೊಂಡ್ಯೇನಮ್ಮ? ಕಾಯ್ಲೆ ಅಂತೆ. ಇನ್ಮೇಲೆ ಬೈಬೇಡ, ಮೂಸಂಬಿ ತಂದ್ಕೊಡು.”

ಸೆಂಟರ್ ಇದ್ದದ್ದು ಕುಣಿಗಲ್ ದಾಟಿ ಮಾರ್ಕೋನಹಳ್ಳಿ ಕಡೆ ಹೋಗುವ ದಾರಿಯಲ್ಲಿ, ಒಂದು ತೆಂಗಿನ ತೋಟದ ಅಂಚಿನಲ್ಲಿ. “ಜೀವಮಾನವೆಲ್ಲ ಕಾಯಿ ಹೊತ್ತೆ, ಇಲ್ಲೂ ಅದನ್ನೇ ನೋಡ್ಕೊಂಡು ಕೂತ್ಕೋಬೇಕಾ?” ಎಂದು ಗೇಟಿನಲ್ಲೇ ತಕರಾರು ತೆಗೆದ. ಬೆಳಿಗ್ಗೆ ಬೇಗ ಏಳಬೇಕು, ಕಸ ಗುಡಿಸಬೇಕು, ಪಾತ್ರೆ ತೊಳೆಯಬೇಕು, ಎಲ್ಲರೂ ಸುತ್ತ ಕೂತು ತಮ್ಮ ಕಥೆ ಹೇಳಬೇಕು. ಮನೆಯಲ್ಲಿ ಉಂಡ ತಟ್ಟೆ ಎತ್ತದವನು ಅಲ್ಲಿ ಬಾಣಲೆ ಉಜ್ಜುತ್ತಿದ್ದುದನ್ನು ನೋಡಿ ಅಮ್ಮ ಕಣ್ಣೊರೆಸಿಕೊಂಡಳು. ಯಾಕಮ್ಮ ಎಂದು ಕೇಳಿದರೆ, “ಸರಿಯಾಗಿ ಉಜ್ತಾ ಇಲ್ಲ ಕಣೇ” ಎಂದಳು.

ಕೌನ್ಸೆಲರ್ ಮೊದಲು ತಾವೂ ಚೆನ್ನಾಗಿ ಕುಡಿದಿದ್ದವರು. ಮನೆಯವರನ್ನೂ ಕೂರಿಸಿದ್ದ ಒಂದು ಭಾನುವಾರ ತಮ್ಮ ಎದ್ದು ನಿಂತು, “ಇನ್ಮೇಲೆ ಬುಡ್ತೀನಿ ಸಾರ್” ಎಂದ.

“ಕೂತ್ಕೊಳಪ್ಪ. ಆ ಮಾತು ಇಲ್ಲಿ ನಡೆಯಲ್ಲ. ಎಷ್ಟು ಸಲ ಬುಟ್ಟಿದೀಯ?”

“ಲೆಕ್ಕ ಇಟ್ಟಿಲ್ಲ ಸಾರ್.”

“ನಾನೂ ಅಷ್ಟೇ. ಬುಡ್ತೀನಿ ಅನ್ನೋದು ನಾಳೆ ಮಾತು. ಬುಟ್ಟೆ ಅನ್ನೋದು ಜಂಬ. ಇವತ್ತು ಕುಡಿದ್ಯಾ?”

“ಇಲ್ಲಿ ಎಲ್ಲಿ ಸಿಗುತ್ತೆ ಸಾರ್?”

ಎಲ್ಲರೂ ನಕ್ಕರು. ಅವರೂ ನಕ್ಕರು. “ಅದನ್ನೇ ಹೇಳು. ‘ಇವತ್ತು ಕುಡ್ದಿಲ್ಲ’ ಅನ್ನು. ಅಷ್ಟು ಸಾಕು. ನಾಳೆದು ನಾಳೆ ಹೇಳುವಂತೆ.”

ಮನೆಗೆ ಬಂದ ಮೇಲೆ ದಿನವೂ ಸಂಜೆ ನನಗೆ ಅವನ ಫೋನ್ ಬರತೊಡಗಿತು. “ಅಕ್ಕ, ಇವತ್ತು ಕುಡ್ದಿಲ್ಲ.” “ಊಟ ಆಯ್ತಾ?” “ಹ್ಞೂಂ. ಇಡ್ತೀನಿ.” ಇಷ್ಟೇ. ಕುಡಿತದ ಜಾಗಕ್ಕೆ ಸಿಹಿಯ ಹುಚ್ಚು ಬಂದು ಕೂತಿತ್ತು. ಅಂಗಿ ಜೇಬಿನಲ್ಲಿ ಯಾವಾಗಲೂ ಕಡ್ಲೆಮಿಠಾಯಿ. ಅಮ್ಮ ಬಟ್ಟೆ ಒಗೆಯುವ ಮೊದಲು ಜೇಬಿನ ಇರುವೆ ಕೊಡವಬೇಕಿತ್ತು. ಮೊದಲು ಕುಡುಕನ ತಾಯಿಯಾಗಿದ್ದೆ, ಈಗ ಇರುವೆ ಕಾಯುವವಳಾದೆ ಎಂದು ಗೊಣಗುತ್ತಿದ್ದಳು. ಆದರೆ ಡಬ್ಬಿಯಲ್ಲಿ ಮಿಠಾಯಿ ಮುಗಿಯಲು ಬಿಡುತ್ತಿರಲಿಲ್ಲ.

ಒಂದು ಸಂಜೆ ಫೋನ್ ತಡವಾಗಿ ಬಂತು. ಯಾರದೋ ಬೀಗರೂಟಕ್ಕೆ ಹೋಗಿದ್ದ.

“ಅಕ್ಕ, ಇವತ್ತು ಕುಡ್ದೆ.”

ನನಗೆ ಅಳು ಬಂತು, ಜೊತೆಗೆ ಒಂದು ವಿಚಿತ್ರ ಸಮಾಧಾನವೂ ಆಯಿತು. ಇಷ್ಟು ವರ್ಷಗಳಲ್ಲಿ ಅವನು ಕುಡಿದದ್ದನ್ನು ಅವನ ಬಾಯಿಂದ ಕೇಳಿದ್ದು ಅದೇ ಮೊದಲು. ಅದಕ್ಕೆ ಮುಂಚೆ ಬಾಯಿಯ ವಾಸನೆಯೇ ಹೇಳುತ್ತಿತ್ತು, ಅವನು ಹೇಳುತ್ತಿರಲಿಲ್ಲ. ಮಾರನೆಯ ದಿನ ಯಾರೂ ಹೇಳದೆ, ಬಟ್ಟೆ ಬ್ಯಾಗು ತಗೊಂಡು ಕುಣಿಗಲ್ ಬಸ್ ಹತ್ತಿದ. “ಬಂದ್ಯಾ? ಬಾ, ಬಾಣಲೆ ನಿಂಗೇ ಕಾಯ್ತಾ ಇದೆ” ಎಂದರಂತೆ ಕೌನ್ಸೆಲರ್. ಜಾರುವುದೂ ಈ ಕಾಯಿಲೆಯಲ್ಲಿ ಇರುವುದೇ, ಜಾರಿದವನು ಅಲ್ಲೇ ಮಲಗಿಬಿಡಬಾರದು ಎಂದು ಅವರು ನನಗೂ ತಿಳಿಸಿ ಹೇಳಿದರು. ಎರಡನೆಯ ಸಲ ಅಲ್ಲಿಂದ ಬಂದ ಮೇಲೆ ಅವನ ಫೋನ್ ಒಂದು ಸಂಜೆಯೂ ಬೇರೆ ಮಾತು ಆಡಲಿಲ್ಲ.

ಆದರೆ ಲಿವರ್‌ಗೆ ಈ ಸುದ್ದಿ ತಡವಾಗಿ ಮುಟ್ಟಿತ್ತು. ಕಣ್ಣು ಹಳದಿಯಾಯಿತು, ಹೊಟ್ಟೆ ಊದಿತು. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿಯೂ ಸಂಜೆಯಾದರೆ, ಪಕ್ಕದಲ್ಲೇ ಕೂತಿದ್ದ ನನ್ನ ಕಡೆ ತಿರುಗಿ ಕಿವಿಗೆ ಕೈ ಹಿಡಿದು ಫೋನ್ ಮಾಡುವವನಂತೆ ಅದನ್ನೇ ಹೇಳುತ್ತಿದ್ದ. ಹಾಗೆ ಹೇಳಿದ ಒಂದು ಸಂಜೆಯ ಮರುದಿನ ಹೋದ.

ಮಣ್ಣಿಗೆ ಬಂದವರಲ್ಲಿ ಹೆಚ್ಚಿನವರು ಒಂದೇ ತೀರ್ಪು ಕೊಟ್ಟರು: ಕುಡಿಯೋದು ಬಿಟ್ಟಿದ್ದಕ್ಕೇ ಸತ್ತ. ಒಗ್ಗಿದ ಮೈ, ತಡೀಲಿಲ್ಲ. ಇನ್ನು ಕೆಲವರು, ಎಲ್ಲಿ ಬಿಟ್ಟಿದ್ದ, ಕದ್ದು ಕುಡೀತಿದ್ದ ಎಂದರು. ಬದುಕಿದ್ದಾಗ ಬಿಡಲಿಲ್ಲವೆಂದು ಬೈದವರು ಸತ್ತ ಮೇಲೆ ಬಿಟ್ಟನೆಂದು ಬೈದರು. ನನಗೆ ಅವನು ಹೋದ ದುಃಖ ಒಂದು ಕಡೆಯಾದರೆ, ಅಷ್ಟು ಕಷ್ಟಪಟ್ಟು ಕೂಡಿಸಿದ ಅವನ ಆ ಸಂಜೆಗಳ ಮೇಲೆ ಜನ ಉಗುಳಿ ಹೋಗುತ್ತಿದ್ದಾರಲ್ಲ ಎಂಬ ಸಂಕಟ ಇನ್ನೊಂದು ಕಡೆ.

ಈಗ ಎದುರಿಗೆ ಬ್ರಾಂದಿ ಬಾಟಲಿ.

“ತೆಗಿ ಮಾವ ಅದನ್ನ” ಎಂದೆ.

“ಇಷ್ಟಪಟ್ಟಿದ್ದನ್ನ ಇಡ್ಬೇಕು ಕಣಮ್ಮಣ್ಣಿ. ಆಸೆ ಇಟ್ಕೊಂಡು ಹೋದೋನು, ಅಲೀತಾನೆ.”

“ಬದುಕಿದ್ದಾಗ ಅದಕ್ಕೇ ಅಲೆದಿದ್ದು ಸಾಲ್ದಾ? ಅವನು ಕುಡೀತಿರ್ಲಿಲ್ಲ.”

“ನಿನ್ ಮುಂದೆ ಕುಡೀತಿರ್ಲಿಲ್ಲ. ಬುಡು, ನಂಗೊತ್ತಿಲ್ವಾ ಕುಡಿಯೋರ ಬುದ್ಧಿ?”

ಅಷ್ಟರಲ್ಲಿ ಅಮ್ಮ ಅಡುಗೆಮನೆಯಿಂದ ಮಾಂಸದ ಸಾರಿನ ಪಾತ್ರೆ ತಂದಳು. ಅದನ್ನು ಇಳಿಸಿ, ಸೆರಗಿಗೆ ಕೈ ಒರೆಸಿಕೊಂಡು, ಬಾಟಲಿ ಎತ್ತಿ ಪಕ್ಕದ ಎಲೆಗೆ ಇಟ್ಟಳು. ಅದು ಅಪ್ಪನ ಫೋಟೋದ ಮುಂದಿನ ಎಲೆ; ವರ್ಷವೂ ಅವನಿಗೆ ಇಡುತ್ತಿದ್ದ ಬಾಟಲಿಯನ್ನೇ ಮಾವ ಈ ಸಲ ಮಗನ ಕಡೆಗೆ ದಾಟಿಸಿದ್ದ. ಅಪ್ಪನೂ ಕುಡಿದೇ ಹೋದವನು. ಬಿಡುತ್ತೇನೆಂದು ಬಾಯಿಮಾತಿಗೂ ಹೇಳಿದವನಲ್ಲ.

“ಇಲ್ಲಿರ್ಲಿ. ಇವರಿಗೆ ಇಷ್ಟ.”

“ಅಲ್ಲ ಅಕ್ಕ, ಪಕ್ಕಪಕ್ಕದಲ್ಲೇ ಕೂತವ್ರೆ” ಎಂದ ಮಾವ. “ಭಾವ ಮಗಂಗೊಂದು ಪೆಗ್ ಹಾಕ್ಕೊಟ್ರೆ?”

“ನಿಮ್ಮ ಭಾವ ಬದುಕಿದ್ದಾಗ ಯಾರಿಗ್ಲಾ ಹಾಕ್ಕೊಟ್ಟವ್ರೆ? ನಿಂಗೆ ಕೊಟ್ಟಿದ್ರಾ?”

ಮಾವ ಸ್ವಲ್ಪ ಯೋಚಿಸಿದ. “ಒಂದ್ ದಿನಾನೂ ಇಲ್ಲ” ಎಂದು ಒಪ್ಪಿಕೊಂಡ.

ಅಮ್ಮ ಡಬ್ಬಿಯಿಂದ ಕಡ್ಲೆಮಿಠಾಯಿ ತೆಗೆದು ತಮ್ಮನ ಎಲೆಗೆ ಇಟ್ಟಳು. ಅವನು ಹೋದ ಮೇಲೂ ಆ ಡಬ್ಬಿಯನ್ನು ತುಂಬುತ್ತಲೇ ಇದ್ದಳೆಂದು ನನಗೆ ಗೊತ್ತಿರಲಿಲ್ಲ. ಆಗ ತಿಳಿಯಿತು, ನಂಬಿದ್ದವಳು ನಾನೊಬ್ಬಳೇ ಅಲ್ಲ.

ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲು ಮುಂದೆ ಮಾಡಿ ನಾವೆಲ್ಲ ಹೊರಗೆ ಜಗುಲಿಯಲ್ಲಿ ಕೂತೆವು. ಸ್ವಲ್ಪ ಹೊತ್ತಾದ ಮೇಲೆ ಮಾವನೇ ಎದ್ದು ಬಾಗಿಲು ತಟ್ಟಿ ತೆರೆದ. ಬಾಟಲಿಯ ಸೀಲು ಹಾಗೇ ಇತ್ತು. ಕಡ್ಲೆಮಿಠಾಯಿಗೆ ಮಾತ್ರ ಇರುವೆ ಸಾಲುಗಟ್ಟಿ ಬಂದಿತ್ತು.

ಮಾವ ಬಗ್ಗಿ ಬಾಟಲಿ ನೋಡಿದ, ಇರುವೆ ನೋಡಿದ. ತಮ್ಮನ ಫೋಟೋವನ್ನು ಸ್ವಲ್ಪ ಹೆಚ್ಚು ಹೊತ್ತೇ ನೋಡಿದ.

“ಹ್ಞೂಂ ಕಣಮ್ಮಣ್ಣಿ” ಎಂದ, ಬಾಟಲಿಯನ್ನು ಪ್ರಸಾದವೆಂಬಂತೆ ಕಣ್ಣಿಗೊತ್ತಿಕೊಂಡು ಜೇಬಿಗಿಳಿಸುತ್ತಾ. “ನಿನ್ ತಮ್ಮ ಇವತ್ತು ಕುಡ್ದಿಲ್ಲ ಬುಡು.”