ಕೀಲಿ ಅಪ್ಪನ ಕಿಸೆಯಲ್ಲಿ

ನಮ್ಮ ಅಪ್ಪ ಕಾರು ಕೊಂಡ ಹದಿನೈದನೆಯ ದಿನ ಅದನ್ನು ಮರೆತು ಬಸ್ ಹತ್ತಿದ. ಈಗ ನೆನೆದರೆ ಹೊಟ್ಟೆ ಹಿಡಿದುಕೊಂಡು ನಗುತ್ತೇನೆ. ಅವತ್ತು ಆ ಕಾರಿನೊಳಗೆ ಕುಳಿತಿದ್ದವಳು ನಾನು, ಹಿಂದಿನ ಸೀಟಿನಲ್ಲಿ ಅಪ್ಪನ ತಾಯಿ, ನಮ್ಮ ಅಜ್ಜಿ.

ಕಾರು ಮೂರು ಕೈ ದಾಟಿ ಬಂದದ್ದು. ಬ್ಯಾಟರಿ ಎಷ್ಟು ಸೋತಿತ್ತೆಂದರೆ ಎಂಜಿನ್ ಒಮ್ಮೆ ನಿಂತರೆ ನಾಲ್ಕು ಜನ ತಳ್ಳಬೇಕು. ಕೀಲಿ ಹಾಕುವ ತೂತು ಸವೆದು, ಎಂಜಿನ್ ಓಡುತ್ತಿರುವಾಗಲೇ ಕೀಲಿ ಕಳಚಿ ಕೈಗೆ ಬರುತ್ತಿತ್ತು. ಬೇರೆಯವರಾದರೆ ರಿಪೇರಿ ಮಾಡಿಸುತ್ತಿದ್ದರು. ಸರ್ಕಾರಿ ಕಚೇರಿಯಲ್ಲಿ ಹೆಡ್ ಕ್ಲಾರ್ಕ್ ಆಗಿದ್ದ ಅಪ್ಪ ಅದಕ್ಕೊಂದು ನಿಯಮಾವಳಿಯನ್ನೇ ಮಾಡಿಬಿಟ್ಟ. ಮನೆ ಮುಟ್ಟುವವರೆಗೆ ಎಂಜಿನ್ ಆರಿಸುವಂತಿಲ್ಲ. ನಡುವೆ ಕಾರು ನಿಲ್ಲಿಸುವುದು ಬಯಲಿನಲ್ಲಿ ಮಾತ್ರ, ಶೆಡ್ಡಿನಲ್ಲಿ ಹೊಗೆ ತುಂಬುತ್ತದೆ. ಗೇರು ನ್ಯೂಟ್ರಲ್ಲಿಗೆ ತಂದು ಹ್ಯಾಂಡ್ ಬ್ರೇಕ್ ಎಳೆಯಬೇಕು. ಆಮೇಲೆ ಕೀಲಿ ಕಿತ್ತು, ಅದರಿಂದಲೇ ಡಿಕ್ಕಿ ತೆಗೆದು, ಅಜ್ಜಿ ಗುಲ್ಬರ್ಗದಿಂದ ತಂದಿದ್ದ ಖಾರ ಅರೆಯುವ ಕಲ್ಲನ್ನು ಚಕ್ರಕ್ಕೆ ಒತ್ತಿಡಬೇಕು. ಎಂಜಿನ್ ಓಡುವಷ್ಟು ಹೊತ್ತೂ ಒಳಗೊಬ್ಬರು ಕಾವಲಿರಬೇಕು. ಆ ಹುದ್ದೆ ಅಜ್ಜಿಯದು. "ನಾ ಡ್ಯೂಟಿ ಮ್ಯಾಲ ಅದೀನಿ" ಎಂದು ಜಪಮಾಲೆ ಹಿಡಿದು ಕೂರುತ್ತಿದ್ದಳು.

ಅವತ್ತು ಹತ್ತೂವರೆಗೆ, ನಾವಿದ್ದ ತೆಲುಗು ಶಹರದ ದೊಡ್ಡ ಪೇಟೆ ಅಬಿಡ್ಸ್‌ನ ಪುಸ್ತಕ ವ್ಯಾಪಾರಿಯೊಬ್ಬರ ಆಫೀಸಿನಲ್ಲಿ ನನಗೆ ಇಂಟರ್‌ವ್ಯೂ. ಅದು ನನ್ನ ಮೂರನೆಯದು. ಹಿಂದಿನ ಎರಡರಲ್ಲೂ ಕುರ್ಚಿಯಲ್ಲಿ ಕೂತದ್ದೇ ತಡ, ಬಾಯಿ ಕಟ್ಟಿಹೋಗಿತ್ತು. ಇದೂ ಕೈತಪ್ಪಿದರೆ ಓಣಿಯ ಮಕ್ಕಳಿಗೆ ಟ್ಯೂಷನ್ ಹೇಳುವುದೇ ಗತಿ ಎಂದು ನನಗೆ ಬೆಳಗಿನಿಂದ ಅಳು ಬರುತ್ತಿತ್ತು.

ಸರ್ಟಿಫಿಕೇಟುಗಳ ಜೆರಾಕ್ಸ್ ಮಾಡಿಸಲು ಹಿಮಾಯತ್‌ನಗರದಲ್ಲಿ ಕಾರು ನಿಂತಿತು. ಅಪ್ಪ ನಿಯಮದಂತೆ ಕಲ್ಲಿಟ್ಟು, ಕೀಲಿ ಕಿಸೆಗೆ ಹಾಕಿಕೊಂಡು ಹೋಗಿ ಬಂದ. ಕಿಟಕಿಯಿಂದ ಕಾಗದಗಳನ್ನು ನನ್ನ ಮಡಿಲಿಗೆ ಹಾಕಿದ. ಅಷ್ಟರಲ್ಲಿ ಇಪ್ಪತ್ತು ವರ್ಷದಿಂದ ಅವನು ದಿನಾ ಹತ್ತುತ್ತಿದ್ದ ಬಸ್ಸು ಎದುರಿನ ಸ್ಟಾಪಿಗೆ ಬಂತು. ಅಪ್ಪನ ಕಾಲುಗಳು ಅಪ್ಪನನ್ನು ಕೇಳಲೇ ಇಲ್ಲ. ಓಡಿದ, ಕಂಬಿ ಹಿಡಿದ, ಹೋಗಿಯೇಬಿಟ್ಟ!

"ಅಜ್ಜಿ, ಅಪ್ಪ ಬಸ್ ಹತ್ತಿದ!"

"ಹತ್ತಲಿ ಬಿಡು. ನಿನಗ ನಡಸಾಕ ಬರತೈತಿಲ್ಲೊ?"

ಬರುತ್ತಿತ್ತು, ಖಾಲಿ ಮೈದಾನದಲ್ಲಿ, ಎರಡನೆಯ ಗೇರಿನವರೆಗೆ. ಕೈಯಲ್ಲಿದ್ದದ್ದು ಕಲಿಯುವವರ ಲೈಸೆನ್ಸು. ರಸ್ತೆಗಿಳಿಯುವ ಮಾತೇ ಎತ್ತಬೇಡ ಎಂದಿದ್ದ ಅಪ್ಪ. ಮಾಡಿದ್ದು ತಪ್ಪೇ, ಒಪ್ಪುತ್ತೇನೆ. ಆದರೆ ಗಡಿಯಾರ ಹತ್ತು ದಾಟಿತ್ತು, ಎಂಜಿನ್ ಗುಡುಗುಡು ಎನ್ನುತ್ತಿತ್ತು, ಅದಕ್ಕೆ ಕೀಲಿ ಬೇಕಾಗಿಯೇ ಇರಲಿಲ್ಲ. ಡಿಕ್ಕಿಗೆ ಬೀಗವಿದ್ದುದರಿಂದ ಚಕ್ರದಡಿಯ ಕಲ್ಲನ್ನು ತೆಗೆದು ಅಜ್ಜಿಯ ಕಾಲ ಬುಡದಲ್ಲಿಟ್ಟು, ಅಪ್ಪನ ಸೀಟಿನಲ್ಲಿ ಕೂತು ಹೊರಟೆ.

ಎರಡನೆಯ ಗೇರಿನಲ್ಲೇ ಅಬಿಡ್ಸ್ ತಲುಪಿದೆ. ಹಿಂದಿನಿಂದ ಆಟೊದವರೆಲ್ಲ ಬೈದರು. ಅಜ್ಜಿ ಕಿಟಕಿಯಿಂದ ಕೈ ಹೊರಹಾಕಿ ಅವರಿಗೆಲ್ಲ ಆಶೀರ್ವಾದ ಮಾಡಿದಳು. ನನಗೆ ಭಯವೋ ಸಂತೋಷವೋ ತಿಳಿಯದೆ ದಾರಿಯುದ್ದಕ್ಕೂ ಕಿಲಕಿಲ ನಗುತ್ತಿದ್ದೆ. ಪುಸ್ತಕದಂಗಡಿಯ ಮುಂದೆ ನಿಲ್ಲಿಸಿ, ನ್ಯೂಟ್ರಲ್ ಮಾಡಿ, ಬ್ರೇಕ್ ಎಳೆದು, ಕಲ್ಲಿಟ್ಟು, ಅಜ್ಜಿಯನ್ನು ಡ್ಯೂಟಿಗೆ ಬಿಟ್ಟು ಮೇಲಕ್ಕೆ ಓಡಿದೆ.

"ಇಷ್ಟು ಅವಸರ ಯಾಕಮ್ಮಾ?" ಎಂದು ಮಾಲೀಕರು ತೆಲುಗಿನಲ್ಲಿ ಕೇಳಿದರು.

"ಕೆಳಗೆ ಎಂಜಿನ್ ಓಡ್ತಿದೆ ಸರ್, ಕೀಲಿ ಬಸ್ಸಿನಲ್ಲಿ ಹೋಯ್ತು, ಅಜ್ಜಿ ಕಾವಲಿದ್ದಾರೆ. ಕೇಳೋದನ್ನ ಬೇಗ ಕೇಳಿಬಿಡಿ!" ಎಂದು ನಾನೂ ತೆಲುಗಿನಲ್ಲೇ ಒದರಿದೆ. ಅವರು ಕಿಟಕಿಯಿಂದ ಕೆಳಗೆ ಇಣುಕಿ ನೋಡಿ, ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ಕೇಳಿದ್ದಕ್ಕೆಲ್ಲ ಪಟಪಟ ಉತ್ತರ ಕೊಟ್ಟೆ. ಕಟ್ಟಿಹೋಗುತ್ತಿದ್ದ ಬಾಯಿ ನನ್ನದೇ ಹೌದೋ ಎಂದು ನನಗೇ ಆಶ್ಚರ್ಯ. "ಸೋಮವಾರದಿಂದ ಬಾ," ಎಂದರು.

ಕೆಳಗಿಳಿದಾಗ ಕಾರು ತೆಗೆಯಲು ಹೇಳುತ್ತಿದ್ದ ಪೊಲೀಸಿನವನಿಗೆ ಅಜ್ಜಿ ಕನ್ನಡದಲ್ಲೇ ತಿಳಿಸಿ ಹೇಳುತ್ತಿದ್ದಳು: "ಕೀಲಿ ನನ್ನ ಮಗನ ಕಿಸೇದಾಗ ಐತಿ. ಮಗ ಬಸ್ಸಿನ್ಯಾಗ ಅದಾನ. ಹೋಗಿ ಅವನ್ನ ಕೇಳಪಾ."

ಆಗಲೇ ಅಪ್ಪ ಆಟೊದಿಂದ ಧುಮುಕಿದ. ಆಫೀಸಿನ ಡ್ರಾಯರಿನ ಕೀಲಿಗೆಂದು ಕಿಸೆಗೆ ಕೈಹಾಕಿದರೆ ಕಾರಿನದು ಸಿಕ್ಕಿತಂತೆ. ಹಿಮಾಯತ್‌ನಗರಕ್ಕೆ ಓಡಿದರೆ ಅಲ್ಲಿ ಕಾರೂ ಇಲ್ಲ, ತಾಯಿಯೂ ಇಲ್ಲ, ಮಗಳೂ ಇಲ್ಲ. ಬೆವರಿ ಒದ್ದೆಯಾಗಿದ್ದ. ನನ್ನನ್ನೊಮ್ಮೆ, ಚಕ್ರದ ಕೆಳಗಿನ ಕಲ್ಲನ್ನೊಮ್ಮೆ ನೋಡಿದ.

"ಕೆಲಸ ಸಿಕ್ತು ಅಪ್ಪ."

ಬೈಯುತ್ತಾನೆಂದು ಕಾದೆ. ಅಪ್ಪ ಕಲ್ಲೆತ್ತಿಕೊಂಡು, ಹಿಂದಿನ ಬಾಗಿಲು ತೆಗೆದು ತನ್ನ ತಾಯಿಯ ಪಕ್ಕ ಕೂತ. ಕೀಲಿಯನ್ನು ನನ್ನ ಭುಜದ ಮೇಲಿಂದ ಮುಂದೆ ಚಾಚಿದ.

"ಮನಿ ಮುಟ್ಟಿದ ಮ್ಯಾಲ ಬಂದ್ ಮಾಡಾಕ ಬೇಕಲ್ಲ, ತಗೋ. ಸಾವಕಾಶ ನಡಸು, ನನಗ ಭಾಳ ಅಂಜಿಕಿ ಆಗಾಕತ್ತೈತಿ."

ಪಕ್ಕಾ ಲೈಸೆನ್ಸ್ ಬಂದ ದಿನ ನಾನೊಬ್ಬಳೇ ಕಾರಿನಲ್ಲಿ ಕೆಲಸಕ್ಕೆ ಹೋದೆ. ಅಪ್ಪ ಬಸ್ ಹತ್ತಿದ, ಈ ಸಲ ಬೇಕೆಂದೇ.