ಖಾಲಿ ಚೌಕ ಸೊನ್ನೆಯಲ್ಲ: ಪ್ರೊ. ಯಶೋಧರಾ ಅವರ ವೆಚ್ಚ ಮಾತೃಕೆ

ಇರುವ ಸೌಲಭ್ಯವನ್ನು ಹೇಗೆ ಹಂಚಿದರೆ ಲಾಭವೆಂದು ಲೆಕ್ಕ ಹಾಕುವ ಆಪರೇಷನ್ಸ್ ರಿಸರ್ಚ್ ಎಂಬ ವಿಷಯವನ್ನು ಪರೀಕ್ಷೆಯ ಭಯದಿಂದ ಬಿಡಿಸಿ, ಶಿವಮೊಗ್ಗದ ಬಸ್‌ಸ್ಟ್ಯಾಂಡಿಗೂ ಆಸ್ಪತ್ರೆಗೂ ಕರೆದೊಯ್ದವರು ಯಾರೆಂದು ಕೇಳಿದರೆ ಶಿಷ್ಯರಾದ ನಾವೆಲ್ಲ ಹೇಳುವ ಹೆಸರು ಒಂದೇ, ಪ್ರೊ. ಯಶೋಧರಾ. ಭದ್ರಾವತಿಯ ಕಾರ್ಖಾನೆ ಕಾರ್ಮಿಕರೊಬ್ಬರ ಮಗಳಾಗಿ ಹುಟ್ಟಿ, ಮೂವತ್ತಮೂರು ವರ್ಷ ನಮ್ಮ ಕಾಲೇಜಿನಲ್ಲಿ ಪಾಠ ಹೇಳಿ, ಈ ತಿಂಗಳು ನಿವೃತ್ತರಾಗುತ್ತಿರುವ ಅವರನ್ನು ಅಭಿನಂದಿಸುವ ಭಾಗ್ಯ ನನ್ನದಾಗಿದೆ. ಅವರ ಕೈಯಲ್ಲಿ ಅತಿ ಹೆಚ್ಚು ಬೈಸಿಕೊಂಡವಳೆಂಬ ಅರ್ಹತೆಯಂತೂ ನನಗಿದೆ.

ಯಾರಿಗೆ ಯಾವ ಕೆಲಸ ಕೊಟ್ಟರೆ ಎಷ್ಟು ಖರ್ಚು ಎಂದು ಚೌಕಚೌಕವಾಗಿ ಬರೆದ ಪಟ್ಟಿಯೇ ವೆಚ್ಚ ಮಾತೃಕೆ. ಒಟ್ಟು ಖರ್ಚು ಅತಿ ಕಡಿಮೆಯಾಗುವ ಜೋಡಣೆಯನ್ನು ಅದರಲ್ಲಿ ಹುಡುಕಬೇಕು. ಚೌಕಕ್ಕೆ ಅಂಕಿ ಬರೆಯುವ ಮುನ್ನ ಆ ದಾರಿಯಲ್ಲಿ ಒಮ್ಮೆ ಓಡಾಡಿ ಬರಬೇಕೆಂಬುದು ಮೇಡಂ ಅವರ ಕಟ್ಟಪ್ಪಣೆ. ಹೊಳಲೂರಿಗೂ ಗಾಜನೂರಿಗೂ ಕೈಗಡಿಯಾರ ನೋಡಿಕೊಂಡು ಅಲೆದ ವಿದ್ಯಾರ್ಥಿಗಳಿಗೆ ಲೆಕ್ಕವಿಲ್ಲ.

ಎಂಟು ವರ್ಷಗಳ ಹಿಂದೆ ನಾನು ಅವರ ಎಂ.ಎಸ್ಸಿ. ವಿದ್ಯಾರ್ಥಿನಿಯಾಗಿದ್ದಾಗ, ಭದ್ರಾವತಿಯ ಡಯಾಲಿಸಿಸ್ ಕೇಂದ್ರವೊಂದರ ಯಂತ್ರಗಳು ಕೆಟ್ಟು, ಎಂಟು ರೋಗಿಗಳನ್ನು ಶಿವಮೊಗ್ಗದ ಆಸ್ಪತ್ರೆಯೊಂದರ ಬೇರೆಬೇರೆ ಹೊತ್ತಿನ ಎಂಟು ಸರದಿಗಳಿಗೆ ಹಂಚಬೇಕಾಯಿತು. ಪ್ರಯಾಣದ ನಿಮಿಷಗಳೇ ಇಲ್ಲಿ ವೆಚ್ಚ. ಕೆಲಸ ನನ್ನ ಪಾಲಿಗೆ ಬಂತು. ಓಡಾಡಲು ಸೋಮಾರಿತನಪಟ್ಟು ಬಸ್ಸಿನ ವೇಳಾಪಟ್ಟಿ ನೋಡಿಯೇ ಅಂಕಿ ತುಂಬಿದೆ. ಬಸ್ಸಿಲ್ಲದ ಹೊತ್ತಿನ ಚೌಕಗಳನ್ನು ‘ಆಗದು’ ಎಂಬರ್ಥದಲ್ಲಿ ಖಾಲಿ ಬಿಟ್ಟೆ. ಕಂಪ್ಯೂಟರ್ ಖಾಲಿಯನ್ನು ಸೊನ್ನೆ ಎಂದು ಓದಿ, ಸೊನ್ನೆಗಿಂತ ಅಗ್ಗ ಇನ್ನೇನಿದೆ ಎಂಬಂತೆ, ಆಗದ ಚೌಕಗಳನ್ನೇ ಆರಿಸಿಕೊಂಡಿತು. ನಾನೋ, ಭಾರಿ ಉಳಿತಾಯವೆಂದು ಬೀಗಿ ಪಟ್ಟಿಯನ್ನು ಆಸ್ಪತ್ರೆಗೆ ಕಳಿಸಿಯೇಬಿಟ್ಟೆ.

ಆ ಎಂಟು ಜನರಲ್ಲಿ ಒಬ್ಬರಾದ, ಭದ್ರಾವತಿಯ ಕಾಗದನಗರದ ಲಿಂಗಮ್ಮನವರಿಗೆ ಬೆಳಗಿನ ಜಾವ ಐದರ ಸರದಿ ಬಿದ್ದಿತ್ತು. “ಆ ಹೊತ್ನಲ್ಲಿ ನಮ್ ಕಡೆಯಿಂದ ಬಸ್ಸೆಲ್ಲಿದೆ ತಾಯಿ? ನಾನು ಬರಲ್ಲ, ಡಯಾಲಿಸಿಸ್ಸೇ ಬಿಟ್ಬಿಡ್ತೀನಿ,” ಎಂದು ಅವರು ಫೋನಿನಲ್ಲಿ ಹೇಳಿದರು. ಬಿಟ್ಟರೆ ಅವರು ಉಳಿಯುವುದು ಅನುಮಾನವೆಂದು ವೈದ್ಯರು ಮೊದಲೇ ಹೇಳಿದ್ದರು.

ಅಳುತ್ತಾ ಹೋದ ನನ್ನ ಪಟ್ಟಿಯನ್ನು ಮೇಡಂ ನೋಡಿದರು. “ಉತ್ತರ ಇಷ್ಟು ಚೆಂದ ಬಂದ್ರೆ ಮೊದ್ಲು ಅನುಮಾನ ಪಡ್ಬೇಕು ಮಾರಾಯ್ತಿ,” ಎಂದರು. ಆ ದಿನ ಬೈದದ್ದು ಅಷ್ಟೇ. ಆಸ್ಪತ್ರೆಯವರ ಮುಂದೆ ತಪ್ಪು ತಮ್ಮದೇ ಎಂದು ಒಪ್ಪಿಕೊಂಡರು. ಆಗದ ಚೌಕಗಳಿಗೆಲ್ಲ ಯಾವ ಲೆಕ್ಕವೂ ಹತ್ತಿರ ಸುಳಿಯದಷ್ಟು ದೊಡ್ಡ ಅಂಕಿ ಬರೆಸಿದರು. ಲಿಂಗಮ್ಮನವರಿಗೆ ಹನ್ನೊಂದರ ಸರದಿ ಸಿಕ್ಕಿತು. ಮರುದಿನ ಅವರ ಜೊತೆ ಬಸ್ಸಿನಲ್ಲೇ ಹೋಗಿ ಬಂದ ಮೇಡಂ, ಸೂಜಿ ತೆಗೆದ ಮೇಲೆ ರೋಗಿಗಳು ನಡೆಯುವ ನಿಧಾನಕ್ಕೆಂದು, ಮರಳುವ ಬಸ್ಸು ತಪ್ಪದಂತೆ, ಪ್ರತಿ ಚೌಕಕ್ಕೂ ಹದಿನೆಂಟು ನಿಮಿಷ ಸೇರಿಸಿದರು.

ಭದ್ರಾವತಿಯ ಯಂತ್ರಗಳು ದುರಸ್ತಿಯಾಗುವವರೆಗೆ ಹನ್ನೊಂದು ವಾರ, ಎಂಟು ಜನ, ಒಂದೇ ಒಂದು ಸರದಿ ತಪ್ಪಲಿಲ್ಲ! ಇಂದು ಎರಡೂ ಊರಿನ ಕೇಂದ್ರಗಳಿಗೆ ಸರದಿ ಪಟ್ಟಿ ಹಾಕಿಕೊಡುವವರು ನಮ್ಮ ಮೇಡಂ. ಇದಕ್ಕಿಂತ ದೊಡ್ಡ ಗೆಲುವನ್ನು ನಮ್ಮ ವಿಭಾಗ ಕಂಡಿಲ್ಲ.

ನಿವೃತ್ತಿಯ ಸುದ್ದಿ ತಿಳಿಸಿದಾಗ ಲಿಂಗಮ್ಮನವರು ಹೇಳಿದರು: “ಕಾಲೇಜು ಬಿಡ್ಲಿ, ನಮ್ ಪಟ್ಟಿ ಮಾತ್ರ ಬಿಡ್ಬೇಡಿ ಅಂತ ಹೇಳಮ್ಮ. ಮೊಮ್ಮಗಳ ಮದ್ವೆ ನೋಡ್ಬೇಕು ನಾನು.”

ಮೇಡಂ, ಆಯುರಾರೋಗ್ಯದಿಂದ ಬಹುಕಾಲ ಬಾಳಿ, ಪಟ್ಟಿ ಹಾಕುತ್ತಲೇ ಇರಿ. ಆ ಮೊಮ್ಮಗಳು ಈಗಿನ್ನೂ ನಾಲ್ಕನೇ ತರಗತಿ.